ಎರಡನೇ ಚರಣದ ಬಿಡುವು

ಮಾತ್ರೆಗಳನ್ನು ಐದೈದಾಗಿ ಎಣಿಸಬೇಕು. ನೀಲಿ ತಟ್ಟೆಯ ಮೇಲೆ ಸುರಿದುಕೊಂಡು, ಚಪ್ಪಟೆ ಪಟ್ಟಿಯಿಂದ ಐದನ್ನು ಒಟ್ಟಿಗೆ ಪಕ್ಕಕ್ಕೆ ತಳ್ಳಬೇಕು, ಮತ್ತೆ ಐದು, ಮತ್ತೆ ಐದು. ಎಣಿಸುವಾಗ ತುಟಿ ಅಲ್ಲಾಡಬಾರದು. ಅಲ್ಲಾಡಿದರೆ ಕೌಂಟರಿನಾಚೆ ನಿಂತ ಮುದುಕರಿಗೆ ಈ ಹೆಂಗಸಿಗೆ ಲೆಕ್ಕ ಬರುವುದಿಲ್ಲವೆಂಬ ಅನುಮಾನ ಹುಟ್ಟುತ್ತದೆ ಎಂದು ತಸ್ಲೀಮಾ ಮೊದಲ ದಿನವೇ ಹೇಳಿಕೊಟ್ಟಿದ್ದಳು. ರೆನಾಟಾ ಈ ಔಷಧಿ ಅಂಗಡಿಗೆ ಸೇರಿ ಆರು ವರ್ಷವಾಗುತ್ತ ಬಂದಿತ್ತು. ತುಟಿ ಅಲ್ಲಾಡಿಸದೆ ಎಣಿಸುವುದರಲ್ಲಿ ಈಗ ಡೆಟ್ರಾಯಿಟ್ ಪಕ್ಕದ ಹ್ಯಾಮ್‌ಟ್ರಾಮಿಕ್ ಊರಿಗೆಲ್ಲ ಅವಳೇ ಮೊದಲು ಎನ್ನಬೇಕು. ಆದರೂ ಇವತ್ತು ಯಾರೋ ಮುದುಕನ ರಕ್ತದೊತ್ತಡದ ಮಾತ್ರೆಯನ್ನು ಮೂರು ಸಲ ಎಣಿಸಿದಾಗ ಮೂರು ಸಲವೂ ಬೇರೆ ಬೇರೆ ಲೆಕ್ಕ ಬಂತು. ಕಿಟಕಿಯಾಚೆ ಎದುರು ಬೇಕರಿಯ ಸಾಲು ಮೂಲೆ ತಿರುಗಿ ಮುಂದಿನ ಬೀದಿಗೂ ಹೋಗಿತ್ತು. ನಾಳೆಯಿಂದ ಈಸ್ಟರಿನವರೆಗೆ ಉಪವಾಸದ ದಿನಗಳು; ಇವತ್ತು ಊರಿಗೆ ಊರೇ ಪೂಂಚ್ಕಿ ತಿಂದು ಸಾಯಬೇಕು. ಒಳಗೆ ಹಣ್ಣಿನ ಪಾಕ, ಮೇಲೆ ಸಕ್ಕರೆ, ಎಣ್ಣೆಯಲ್ಲಿ ಕರಿದ ಆ ಉಂಡೆಗಳನ್ನು ಡಜನ್‌ಗಟ್ಟಲೆ ಹೊತ್ತುಕೊಂಡು ಜನ ಕೆಸರಾದ ಹಿಮದಲ್ಲಿ ಜಾರುತ್ತ ಹೋಗುತ್ತಿದ್ದರು. ಬೆಳಿಗ್ಗೆ ಹತ್ತು ಗಂಟೆಗೇ ಬಾರುಗಳ ಬಾಗಿಲು ತೆರೆದು ಬ್ಯಾಂಡುಗಳು ಶುರುವಾಗಿದ್ದವು.

"ಏನೇ ರೆನಾ, ಆ ಮಾತ್ರೆ ಮೊಟ್ಟೆಯಿಟ್ಟು ಮರಿ ಮಾಡ್ತಾ ಇವೆಯಾ? ಎಷ್ಟು ಹೊತ್ತು ನೋಡ್ತೀಯ?" ಎಂದಳು ತಸ್ಲೀಮಾ. ಅಂಗಡಿ ಅವಳದು, ಬಾಂಗ್ಲಾದೇಶದ ಸಿಲ್ಹೆಟ್ ಕಡೆಯಿಂದ ಮದುವೆಯಾಗಿ ಬಂದವಳು, ಪೂಂಚ್ಕಿಯನ್ನು ಪೋಲಿಷರಿಗಿಂತ ಹೆಚ್ಚು ತಿನ್ನುವವಳು.

"ತಲೆ ಎಲ್ಲೋ ಇದೆ."

"ಗೊತ್ತು. ಹಾಲ್ ಹತ್ರ ಇದೆ. ಹನ್ನೆರಡಕ್ಕೆ ತಾನೆ? ಹನ್ನೊಂದಕ್ಕೇ ಹೊರಡು ಮಾರಾಯ್ತಿ. ನೀನು ಇಲ್ಲಿದ್ರೆ ಯಾರನ್ನಾದ್ರೂ ಸಾಯಿಸ್ತೀಯ."

ಭಾನುವಾರ ವರ್ಜಿಲ್ ಫೋನು ಮಾಡಿದಾಗಿನಿಂದ ತಲೆ ಎಲ್ಲೋ ಇತ್ತು. ವರ್ಜಿಲ್ ಈಗ ಡೆಟ್ರಾಯಿಟ್ ಸಿಟಿ ಬಸ್ ಓಡಿಸುತ್ತಿದ್ದ. ಒಂದು ಕಾಲದಲ್ಲಿ ಸ್ಲೋ ಲೀಕ್ಸ್ ಬ್ಯಾಂಡಿನ ಆರ್ಗನ್ ಅವನದು, ಡ್ರಮ್ ಇವಳದು, ಗಿಟಾರು ಮತ್ತು ಹಾಡು ಮತ್ತು ಹಟ ಎಲ್ಲ ಕಾಜ್‌ನದು. ಈಸ್ಟರ್ ಆದಮೇಲೆ ವರ್ಜಿಲ್ ಮೆಂಫಿಸ್‌ನಲ್ಲಿರುವ ಅಕ್ಕನ ಮನೆಗೆ ಹೋಗಿಬಿಡುತ್ತಾನಂತೆ, ಈ ಚಳಿ ಸಾಕಂತೆ. "ಹೋಗೋ ಮೊದ್ಲು ಒಂದು ಸಲ, ಮಂಗಳವಾರ ಸಂಘದ ಹಾಲಲ್ಲಿ, ಮೂರೂ ಜನ ಕೂತ್ಕೊಳ್ಳೋಣ ಕಣೇ. ಒಂದೇ ಹಾಡು. ಅದೇ ಹಾಡು." "ಅವನು ಕರೆದನಾ?" "ಅವನು ಯಾರನ್ನೂ ಕರೆಯಲ್ಲ, ನಿಂಗೊತ್ತಲ್ಲ. ಬೇಡ ಅನ್ಲಿಲ್ಲ." "ಮತ್ತೇನಂದ?" ವರ್ಜಿಲ್ ಆ ಕಡೆ ಮೂಗು ಉಜ್ಜಿಕೊಳ್ಳುವ ಸದ್ದು ಕೇಳಿಸಿತು. "ಆವತ್ತು ಬಾರಿಸಿದ ಹಾಗೆ ಬಾರಿಸೋದಾದ್ರೆ ಬರ್ಲಿ ಅಂದ. ಎಣಿಸಿದ್ರೆ ನಂಗೆ ಗೊತ್ತಾಗತ್ತೆ, ಎದ್ದು ಹೋಗ್ತೀನಿ ಅಂದ. ಅವನ ಮಾತು ತಲೆಗೆ ಹಾಕ್ಕೋಬೇಡ." ತಲೆಗೆ ಹಾಕಿಕೊಳ್ಳಬೇಡ ಎಂದವನೇ ಅದನ್ನು ಚಾಚೂ ತಪ್ಪದೆ ಹೇಳಿದ್ದ. ಆರು ವರ್ಷದಿಂದ ಒಂದು ಮಾತೂ ಆಡದ ಮನುಷ್ಯ ಕಳಿಸಿದ ಮೊದಲ ಮಾತು ಇದು. ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಪರೀಕ್ಷೆಗೆ ಕೂರುವ ಹುಡುಗಿಯ ಹಾಗೆ ಪಾಸಾಗಬೇಕು ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಹನ್ನೊಂದಕ್ಕೆ ಬಿಳಿ ಕೋಟು ಕಳಚಿಟ್ಟು ಹೊರಗೆ ಬಂದಳು. ಡ್ರಮ್ ಕೋಲುಗಳನ್ನು ಓವರ್‌ಕೋಟಿನ ಒಳಜೇಬಿಗೆ ತುರುಕಿಕೊಂಡಿದ್ದಳು. ನಡೆದ ಹಾಗೆಲ್ಲ ಪಕ್ಕೆಗೆ ಚುಚ್ಚುತ್ತಿದ್ದವು. ದಾರಿಯಲ್ಲಿ ಕೆಂಪು-ಬಿಳಿ ಟೋಪಿ ಹಾಕಿದ ಹುಡುಗರ ಗುಂಪು ನುಗ್ಗಿ ಬಂದಾಗ ಗೋಡೆಗೆ ಒತ್ತಿ ನಿಂತಳು. ಅವರಲ್ಲಿ ಒಬ್ಬನೂ ಅವಳ ಮುಖ ನೋಡಲಿಲ್ಲ. ಒಂದು ಕಾಲದಲ್ಲಿ ಇದೇ ರಸ್ತೆಯಲ್ಲಿ ಲಂಡನ್ನಿನಿಂದ ಬಂದ ಫೋಟೋದವನು ಮೂವರನ್ನೂ ಬೂದು ಬಣ್ಣದ ಮೆಕ್ಯಾನಿಕ್ ಉಡುಪಿನಲ್ಲಿ ನಿಲ್ಲಿಸಿ, ನಗಬೇಡಿ, ನಗಬೇಡಿ ಎಂದು ಬೇಡಿಕೊಂಡಿದ್ದ. ಕೆಲಸ ಹೋದವರ ಹಾಗೆ ಕಾಣಬೇಕಿತ್ತಂತೆ. ಆಗ ಅವಳಿಗೆ ನಿಜವಾಗಿಯೂ ಕೆಲಸ ಹೋಗಿತ್ತು, ಕಾರಿನ ಸೀಟು ಹೊಲಿಯುವ ಕಾರ್ಖಾನೆ ಬೀಗ ಹಾಕಿತ್ತು, ಆದರೆ ಕ್ಯಾಮೆರಾ ಮುಂದೆ ಅವಳೊಬ್ಬಳಿಗೇ ನಗು ತಡೆಯಲಾಗಲಿಲ್ಲ. ಕಾಜ್ ಕಣ್ಣು ಕೆಕ್ಕರಿಸಿದ. ಅವನು ಕಣ್ಣು ಕೆಕ್ಕರಿಸಿದರೆ ಅವಳಿಗೆ ಸಾಕಾಗುತ್ತಿತ್ತು, ಬಾಯಿ ತಾನಾಗಿ ಮುಚ್ಚುತ್ತಿತ್ತು. ಯಾಕೆ ಹಾಗೆ ಎಂದು ಆಗಲೂ ಕೇಳಿಕೊಳ್ಳಲಿಲ್ಲ, ಈಗ ಕೇಳಿಕೊಂಡರೆ ಉತ್ತರ ಹೊಳೆಯುವುದಿಲ್ಲ. ಅವನಿಗೆ ಏನೋ ಒಂದು ನಂಬಿಕೆ ಇತ್ತು. ಇವಳಿಗೆ ಯಾವುದರಲ್ಲೂ ಇರಲಿಲ್ಲ. ಇಲ್ಲದವರು ಇದ್ದವರ ಹಿಂದೆ ಹೋಗುತ್ತಾರೆ, ಅಷ್ಟೇ ಇರಬೇಕು.

ಕಾಜ್‌ನ ನಂಬಿಕೆ ಸರಳವಾಗಿತ್ತು. ಕಲಿತದ್ದೆಲ್ಲ ಸುಳ್ಳು. ನಲವತ್ತು ವರ್ಷದ ಹಿಂದೆ ಹೈಸ್ಕೂಲು ಹುಡುಗರು ಅಪ್ಪನ ಕಾರನ್ನು ಹೊರಗೆ ತಳ್ಳಿ, ಮನೆ ಹಿಂದಿನ ಗ್ಯಾರೇಜಿನಲ್ಲಿ ನಿಂತು, ಮೂರು ಸ್ವರ ಗೊತ್ತಿದ್ದರೆ ಮೂರರಲ್ಲೇ ಊರು ಹಾರಿಹೋಗುವ ಹಾಗೆ ಬಾರಿಸಿದ್ದರಲ್ಲ, ನಿಜವಾದದ್ದು ಅದೊಂದೇ. ಆಮೇಲೆ ಬಂದವರೆಲ್ಲ ಕಲಿತು ಕೆಟ್ಟರು. ಆದ್ದರಿಂದ ನಾವು ಹಳೇ ಟೇಪ್ ಯಂತ್ರದಲ್ಲೇ ಹಿಡಿಯಬೇಕು, ಒಂದೇ ಮೈಕು, ಒಂದೇ ಸಲ. ಹಾಡು ಮೊದಲ ಸಲಕ್ಕೆ ಹೇಗೆ ಬಂತೋ ಹಾಗೆ. ತಪ್ಪಾದರೆ ತಪ್ಪೇ ಇರಲಿ, ತಿದ್ದುವುದೆಂದರೆ ಸುಳ್ಳು ಹೇಳುವುದು. ರೆನಾಟಾಳನ್ನು ಡ್ರಮ್ಮಿಗೆ ಕೂರಿಸಿದ್ದೂ ಅವಳಿಗೆ ಬಾರಿಸಲು ಬರುವುದಿಲ್ಲವೆಂಬ ಒಂದೇ ಯೋಗ್ಯತೆಯ ಮೇಲೆ. "ನಿಂಗೇನೂ ಬರಲ್ಲ ಅಲ್ವಾ?" ಎಂದು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದ. "ಏನೂ ಬರಲ್ಲ" ಎಂದಿದ್ದಳು. ಅವನ ಮುಖದಲ್ಲಿ ಆಗ ಕಂಡಷ್ಟು ಸಂತೋಷವನ್ನು ಅವಳು ಇನ್ನಾವ ಗಂಡಸಿನ ಮುಖದಲ್ಲೂ ತರಿಸಲಿಲ್ಲ.

ಆ ಹಾಡನ್ನು ಅವನ ಮನೆ ಹಿಂದಿನ ಗ್ಯಾರೇಜಿನಲ್ಲಿ ಟೇಪಿಗೆ ಹಿಡಿದ ಜನವರಿಯಲ್ಲಿ ಕಾಜ್‌ನ ಅಪ್ಪ ಸತ್ತು ಮೂರು ತಿಂಗಳಾಗಿತ್ತು. ಮೂವತ್ತು ಚಿಲ್ಲರೆ ವರ್ಷ ಕಾರ್ಖಾನೆಯ ನಾಲ್ಕನೇ ಗೇಟಿನಲ್ಲಿ ಒಳಹೋಗಿ ನಾಲ್ಕನೇ ಗೇಟಿನಲ್ಲಿ ಹೊರಬಂದ ಮನುಷ್ಯ. ಮಗ ಆ ಗೇಟಿನ ಮೇಲೇ ಹಾಡು ಕಟ್ಟಿದ್ದ. ಆ ಗೇಟಲ್ಲಿ ಬಂದವನು ಯಾರು ಎಂದು ಕೇಳುತ್ತದೆ ಹಾಡು, ಎರಡನೇ ಚರಣದ ಕೊನೆಗೆ ಕಾಜ್ ಗಂಟಲು ಹರಿಯುವ ಹಾಗೆ "ನಾನಲ್ಲ" ಎನ್ನುತ್ತಾನೆ, ಗಿಟಾರು ನಿಲ್ಲುತ್ತದೆ, ಅವನ ಮಾತು ಮುಗಿದ ಮರುಗಳಿಗೆಯೇ ಡ್ರಮ್ಮಿನ ಪೆಟ್ಟು ಬೀಳಬೇಕು. ಗೋಡೆಗೆ ಮುಖ ಮಾಡಿ ಹಾಡುವುದು ಅವನ ಪದ್ಧತಿ. ವರ್ಜಿಲ್ ಕಣ್ಣು ಮುಚ್ಚಿ ಬಾರಿಸುವವನು. ಬಾಗಿಲ ಕಡೆ ಮುಖವಿದ್ದದ್ದು ರೆನಾಟಾಳದು ಮಾತ್ರ. ಅವನು "ನಾನಲ್ಲ" ಅಂದದ್ದಕ್ಕೂ ಪಕ್ಕದ ಬಾಗಿಲು ಕಿರ್ ಎಂದು ತೆರೆದದ್ದಕ್ಕೂ ಸರಿಹೋಯಿತು. ಹಿಮದ ಬೆಳಕು ಒಳಗೆ ನುಗ್ಗಿತು, ಆ ಬೆಳಕಿನಲ್ಲಿ ಕಾಜ್‌ನ ಅಪ್ಪ ನಿಂತಿದ್ದ. ಅದೇ ಕಂದು ಕೋಟು, ಅದೇ ಕಾರ್ಖಾನೆಯ ಬಿಲ್ಲೆ. ಅವಳ ಕೈ ಮೇಲೆ ಹೋದದ್ದು ಮೇಲೇ ನಿಂತಿತು. ಆಮೇಲೆ ಕಂಡಿತು, ಕೋಟಿನೊಳಗಿದ್ದದ್ದು ಕಾಜ್‌ನ ಅಮ್ಮ ಹಾಲಿನಾ. ಅಂಗಳ ದಾಟುವಾಗ ಚಳಿಗೆ ಕೈಗೆ ಸಿಕ್ಕ ಕೋಟು ಹಾಕಿಕೊಂಡು, ಹುಡುಗರಿಗೆ ತಿನ್ನಲು ಏನೋ ತಟ್ಟೆಯಲ್ಲಿ ತಂದಿದ್ದಳು. ಟೇಪು ತಿರುಗುತ್ತಿರುವುದನ್ನು ನೋಡಿ, ಬೆರಳನ್ನು ತುಟಿಯ ಮೇಲಿಟ್ಟುಕೊಂಡು, ನಡೆಯಲಿ ನಡೆಯಲಿ ಎಂದು ಕೈ ಬೀಸಿದಳು. ಆಗ ಪೆಟ್ಟು ಬಿತ್ತು. ಒಂದು ಪೆಟ್ಟಿನಷ್ಟು ತಡವಾಗಿ. ಗಿಟಾರೂ ಆರ್ಗನ್ನೂ ಅವಳಿಗಾಗಿ ಕಾದಿದ್ದು ಮತ್ತೆ ಹಿಡಿದುಕೊಂಡವು.

ಹಾಡು ಮುಗಿದ ಮೇಲೆ ಅವಳು ಕೋಲು ಕೆಳಗಿಟ್ಟು "ತಪ್ಪಾಯ್ತು" ಎಂದಳು. ಕಾಜ್ ಗೋಡೆ ಬಿಟ್ಟು ಇತ್ತ ತಿರುಗಿದ. ಕಣ್ಣು ಒದ್ದೆಯಾಗಿತ್ತು. "ಮುಟ್ಟಬೇಡಿ. ಯಾರೂ ಏನೂ ಮುಟ್ಟಬೇಡಿ" ಎಂದ.

ಆ ಬಿಡುವೇ ಅವರನ್ನು ಮೇಲೆತ್ತಿತು. ಮುಚ್ಚುಮರೆ ಏಕೆ, ಉಳಿದ ಹಾಡುಗಳು ಅಂಥದ್ದೇನೂ ಆಗಿರಲಿಲ್ಲ. ಇಂಗ್ಲೆಂಡಿನ ಯಾವನೋ ರೇಡಿಯೋದವನು ಅದನ್ನು ಒಂದೇ ಸಂಜೆ ಎರಡು ಸಲ ಹಾಕಿದ, ಆಮೇಲೆ ಪತ್ರಿಕೆಯವರು ಬಂದರು, ಗ್ಯಾರೇಜು ಸಂಗೀತ ಮತ್ತೆ ಹುಟ್ಟಿದೆಯೆಂದು ಬರೆದರು, ಅದು ಸತ್ತದ್ದೇ ಇವರಿಗೆ ಗೊತ್ತಿರಲಿಲ್ಲ. ಆ ಬಿಡುವಿನಲ್ಲಿ ಏನಿದೆ ಎಂದು ಎಲ್ಲರೂ ಕೇಳುತ್ತಿದ್ದರು. ಯಂತ್ರ ನಿಂತ ಗಳಿಗೆ ಎನ್ನುತ್ತಿದ್ದ ಕಾಜ್. ಕಾರ್ಮಿಕನ ಎದೆಬಡಿತ ತಪ್ಪಿದ ಗಳಿಗೆ ಎನ್ನುತ್ತಿದ್ದ ಇನ್ನೊಂದು ಊರಿನಲ್ಲಿ. ಬಾಗಿಲು ಕಿರುಗುಟ್ಟಿದ್ದು ಟೇಪಿನಲ್ಲಿ ಸಣ್ಣಗೆ ಕೇಳಿಸುತ್ತದೆ. ಅದು ಗೇಟು ತೆರೆಯುವ ಸದ್ದು, ಬೇಕೆಂದೇ ಇಟ್ಟದ್ದು ಎಂದು ಒಬ್ಬ ಬರೆದ. ರೆನಾಟಾಳನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳೋ ಏನೋ. ಮೊದಲು, ಕೇಳಲಿಲ್ಲವಲ್ಲ ಎಂದು ಸುಮ್ಮನಿದ್ದಳು. ಆಮೇಲೆ ಹೇಳಿದರೆ ಕಾಜ್ ಅಷ್ಟೂ ಊರುಗಳಲ್ಲಿ ಹೇಳಿದ್ದೆಲ್ಲ ನಗೆಪಾಟಲಾಗುತ್ತದೆ ಎಂದು ಸುಮ್ಮನಿದ್ದಳು. ಅಪ್ಪನ ಕೋಟು ಹಾಕಿಕೊಂಡು ಅಮ್ಮ ಬಾಗಿಲಲ್ಲಿ ನಿಂತಿದ್ದಳು ಕಣೋ, ನೀನು ಗೋಡೆ ನೋಡುತ್ತಿದ್ದೆ ಎಂದು ಹೇಗೆ ಹೇಳುವುದು? ಅಷ್ಟು ಹೊತ್ತಿಗೆ ಜನರೇ ಆ ಬಿಡುವನ್ನು ತುಂಬಲು ಶುರುಮಾಡಿದ್ದರು. ಅವನು "ನಾನಲ್ಲ" ಎಂದೊಡನೆ ಸಾವಿರ ಜನ ಒಂದೇ ಬಾಯಿಂದ "ನೀನೇ" ಎಂದು ಅರಚುತ್ತಿದ್ದರು. ಅವರ ಬೆರಳೆಲ್ಲ ಕಾಜ್ ಕಡೆಗಿದ್ದರೂ ಅವಳಿಗೆ ಪ್ರತಿ ರಾತ್ರಿ ಅದು ತನಗೆ ಬಿದ್ದ ಹಾಗೆ ಆಗುತ್ತಿತ್ತು.

ಸಂಘದ ಹಾಲ್‌ನ ಹಿಂಬಾಗಿಲಿಗೆ ಹೋಗುವ ಓಣಿಯಲ್ಲಿ ಹಿಮ ಗಟ್ಟಿಯಾಗಿತ್ತು. ಅವಳು ಹೆಜ್ಜೆ ನೋಡಿ ನೋಡಿ ಇಡುತ್ತಿದ್ದಳು, ಇಡುತ್ತ ಎಣಿಸುತ್ತಿರುವುದು ಅರಿವಾಗಿ ನಿಂತಳು. ಇದೊಂದು ರೋಗ. ಮೆಟ್ಟಿಲು ಎಣಿಸುತ್ತಾಳೆ, ಚರ್ಚಿನಲ್ಲಿ ಮೇಣದ ಬತ್ತಿ ಎಣಿಸುತ್ತಾಳೆ, ಎರಡು ವರ್ಷ ಜೊತೆಗಿದ್ದ ಗಂಡಸು ಬಿಟ್ಟುಹೋಗುವಾಗ ಹೇಳಿದ ಮಾತುಗಳನ್ನೂ ಅವನು ಹೇಳುತ್ತಿರುವಾಗಲೇ ಎಣಿಸಿದ್ದಳು. ತಪ್ಪನ್ನು ಒಂದು ಸಲ ಮಾಡುವುದು ಸುಲಭ. ದಿನಾ ರಾತ್ರಿ ಅದೇ ತಪ್ಪನ್ನು ಅದೇ ಜಾಗದಲ್ಲಿ ಅಷ್ಟೇ ಅಳತೆಗೆ ಮಾಡು ಎಂದರೆ ಹೇಗೆ ಮಾಡುವುದು? ಮೊದಲ ಕೆಲವು ತಿಂಗಳು ಬಂತು. ಕಣ್ಣು ಮುಚ್ಚಿ ಆ ಬಾಗಿಲನ್ನು ನೆನೆಯುತ್ತಿದ್ದಳು, ಆ ಕೋಟನ್ನು, ಕೈ ನಿಲ್ಲುತ್ತಿತ್ತು. ಆಮೇಲೆ ನೆನೆದು ನೆನೆದು ಕೋಟು ಸವೆಯಿತು. ಚಿಕಾಗೋದಲ್ಲಿ ಬೇಗ ಹೊಡೆದಳು, ಕ್ಲೀವ್‌ಲ್ಯಾಂಡಿನಲ್ಲಿ ತೀರ ತಡಮಾಡಿದಳು, ಜನ ಎರಡು ಸಲ "ನೀನೇ" ಎಂದು ನಕ್ಕರು. ವ್ಯಾನಿನಲ್ಲಿ ಕಾಜ್ ಕಿಟಕಿಯ ಹೊರಗೆ ನೋಡುತ್ತ "ನಿಂಗೆ ಅದು ಈಗ ಅನ್ಸಲ್ಲ ಅಲ್ವಾ" ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

ಆಗ ಅವಳು ಮಿಸ್ಟರ್ ಪರ್ಡಿಯ ಬಳಿ ಹೋದದ್ದು. ಕೋನಂಟ್ ರಸ್ತೆಯಲ್ಲಿ ಮನೆ, ಕೆಳಗಿನ ಕೋಣೆಯಲ್ಲಿ ಡ್ರಮ್ ಪಾಠ, ಹಿಂದೆ ಹೋಟೆಲ್ ಬ್ಯಾಂಡುಗಳಲ್ಲಿ ಬಾರಿಸಿದವರು. ಗುರುವಾರ ಗುರುವಾರ, ಕತ್ತಿನವರೆಗೆ ಮಫ್ಲರ್ ಸುತ್ತಿಕೊಂಡು, ಗಂಡನಿಗೆ ಗೊತ್ತಾಗದ ಹಾಗೆ ಎಲ್ಲಿಗೋ ಹೋಗುವ ಹೆಂಗಸಿನ ಹಾಗೆ ಅತ್ತಿತ್ತ ನೋಡಿ ಬೆಲ್ ಒತ್ತುತ್ತಿದ್ದಳು. ಹ್ಯಾಮ್‌ಟ್ರಾಮಿಕ್‌ನ ಆ ಗ್ಯಾರೇಜು ಬ್ಯಾಂಡುಗಳ ಜನರ ನಡುವೆ ಇನ್ನೊಬ್ಬನ ಜೊತೆ ಮಲಗಿದ್ದರೆ ಕ್ಷಮೆಯಿತ್ತು, ಡ್ರಮ್ ಪಾಠಕ್ಕೆ ಹೋದದ್ದಕ್ಕೆ ಇರಲಿಲ್ಲ. ಟೇಪು ಹಾಕಿ ಕೇಳಿಸಿದಳು. ಪರ್ಡಿ ತಲೆ ಬಗ್ಗಿಸಿ ಕೇಳಿದರು, ಬೆರಳಲ್ಲಿ ಮೊಣಕಾಲು ತಟ್ಟಿಕೊಂಡರು. "ಇದ್ರಲ್ಲಿ ಏನು ಕಷ್ಟ ಮಗೂ? ಬೇರೆ ಸಾಲೆಲ್ಲ ನಾಲ್ಕು, ಇದೊಂದು ಐದು. ಐದನೇದು ಖಾಲಿ. ಎಣಿಸು, ಬರತ್ತೆ." "ಅದು ತಪ್ಪು ಸರ್, ಅದನ್ನ ಎಣಿಸಬಾರದು." "ಎಣಿಸಿದ್ರೆ ತಪ್ಪು ಆಗಲ್ಲ, ಅದಕ್ಕೇ ಹೇಳ್ತಿರೋದು." ಅವರು ಒಳ್ಳೆಯ ಮನುಷ್ಯ. ಅವಳಿಗೆ ಬೇಕಾದದ್ದು ತಪ್ಪು, ಅವರಿಗೆ ಕೊಡಲು ಇದ್ದದ್ದು ಸರಿ. ಆದರೂ ಅದೇ ವಾರ ಟೊರೊಂಟೋದಲ್ಲಿ ಎಣಿಸಿದಳು, ಬಂತು. ಎಣಿಸಿದಾಗಲೆಲ್ಲ ಬಂತು. ಎಲ್ಲ ಕಾಜ್‌ಗೋಸ್ಕರ, ಅವನ ಆ ಗಳಿಗೆ ಅವನಿಗೆ ಉಳಿಯಲಿ ಎಂದು. ಈ ಒಂದು ಮಾತನ್ನು ಅವನಿಗೆ ಹೇಳಬೇಕಿತ್ತು. ಇವತ್ತು ಬರಲು ಒಪ್ಪಿಕೊಂಡದ್ದೂ, ತನಗೆ ತಾನೇ ಏನೇ ಹೇಳಿಕೊಳ್ಳಲಿ, ಆ ಮಾತಿಗಾಗಿಯೇ.

ಪಾಠ ಶುರುವಾದ ಎರಡನೇ ವರ್ಷ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕಾಜ್‌ಗೆ ಗೊತ್ತಾಯಿತು. ಮಧ್ಯಾಹ್ನ ಖಾಲಿ ಸಭಾಂಗಣದಲ್ಲಿ ಸದ್ದು ಸರಿನೋಡಿಕೊಳ್ಳುತ್ತಿದ್ದಾಗ ಕಾಜ್ ಏನೋ ತರಲು ಹಿಂದಕ್ಕೆ ತಿರುಗಿದವನು ಅವಳ ಮುಖ ನೋಡಿದ. ಹಾಡು ನಿಲ್ಲಿಸಿದ. "ನಿನ್ನ ತುಟಿ ಅಲ್ಲಾಡ್ತಿದೆ."

"ಇಲ್ಲ."

"ಮೂರು, ನಾಲ್ಕು, ಐದು. ಕಂಡೆ ನಾನು. ಯಾರು ಕಲಿಸಿದ್ದು?"

ಸುಳ್ಳು ಹೇಳಲು ಬರುತ್ತಿರಲಿಲ್ಲ, ಹೇಳಿದಳು. ಕೋನಂಟ್ ರಸ್ತೆ, ಗುರುವಾರ. ಎಷ್ಟು ದಿನದಿಂದ ಎಂದ. ಒಂದೂವರೆ ವರ್ಷ ಎಂದಳು. ಯಾಕೆ ಎಂದು ಮಾತ್ರ ಕೇಳಲಿಲ್ಲ. ಕೇಳದೆ ಗಿಟಾರಿನ ತಂತಿ ಒರೆಸುತ್ತ ಕೂತ. ರಾತ್ರಿ ಆ ಹಾಡಿಗೆ ಮೊದಲು ಮೈಕಿನ ಬಳಿ ಹೋಗಿ, "ನಮ್ಮ ರೆನಾಟಾ ಲೆಕ್ಕ ಕಲಿತಿದಾಳೆ. ಅವಳೊಬ್ಬಳಿಗೇ ಕಷ್ಟ ಆಗತ್ತೆ, ನೀವೂ ಎಣಿಸಿ" ಎಂದ. ಜನ ಇದೂ ಆಟದ ಭಾಗವೆಂದುಕೊಂಡರು. ಎರಡನೇ ಚರಣಕ್ಕೆ ಬಂದಾಗ ಆ ಇಡೀ ಸಭೆ ನಗುತ್ತ, ಕುಣಿಯುತ್ತ, ಬೆರಳು ಮಡಿಸುತ್ತ ಎಣಿಸಿತು, ಒಂದು, ಎರಡು, ಮೂರು, ನಾಲ್ಕು, ಐದು. ಅವಳು ಐದಾದ ಮೇಲೆ ಸರಿಯಾಗಿ ಹೊಡೆದಳು. ಹಾಡು ಮುಗಿಸಿದಳು, ಆಮೇಲಿನ ಹಾಡುಗಳನ್ನೂ ಮುಗಿಸಿದಳು, ತಲೆ ಬಾಗಿ ನಮಸ್ಕಾರವನ್ನೂ ಮಾಡಿದಳು. ಬೆಳಿಗ್ಗೆ ಯಾರಿಗೂ ಹೇಳದೆ ಊರಿಗೆ ಬಂದುಬಿಟ್ಟಳು. ಮುಂದಿನ ಊರುಗಳಿಗೆ ಇನ್ನೊಬ್ಬನನ್ನು ಕರೆಸಿದರಂತೆ, ಅವನ ಬಿಡುವಿಗೆ ಜನ ಬಾಯಿ ತೆರೆಯಲಿಲ್ಲವಂತೆ, ಒಂದು ತಿಂಗಳಿಗೆ ಸ್ಲೋ ಲೀಕ್ಸ್ ಮುಗಿಯಿತು. ಹೆಸರಿಗೆ ತಕ್ಕ ಹಾಗೆ ಮೆಲ್ಲಗೆ ಗಾಳಿ ಹೋಯಿತು ಎಂದು ಒಂದು ಪತ್ರಿಕೆ ಬರೆಯಿತು. ತಮಾಷೆ ಮಾಡಲು ಅವರಿಗೂ ಹೆಚ್ಚೇನೂ ಸಿಕ್ಕಿರಲಿಲ್ಲ.

ಹಾಲ್ ಒಳಗೆ ಬಿಸಿ, ಎಣ್ಣೆಯ ವಾಸನೆ, ಒದ್ದೆ ಕೋಟುಗಳ ವಾಸನೆ. ಹಳೆಯ ಸಿಪಾಯಿಗಳ ಸಂಘದ ಕಟ್ಟಡವದು, ಗೋಡೆ ತುಂಬ ಮೀಸೆ ಹೊತ್ತವರ ಫೋಟೋಗಳು. ವೇದಿಕೆಯ ಎಡಕ್ಕೆ ಅಡುಗೆಮನೆಯ ಬಾಗಿಲು. ಅದರಾಚೆ ಪಾತ್ರೆಗಳ ಸದ್ದಿನ ನಡುವೆ ಹಾಲಿನಾ ಯಾರಿಗೋ ಗದರುತ್ತಿರುವುದು ಕೇಳಿಸಿತು. ಈ ಮಂಗಳವಾರ ಎಂದರೆ ಕರಿಯುವ ಬಾಣಲೆ ಅವಳದೇ. ಬೀದಿಯ ಮಕ್ಕಳೆಲ್ಲ ಅವಳನ್ನು ಚೋಚಾ ಎನ್ನುತ್ತ ಬೆಳೆದವರು. ಚಿಕ್ಕಮ್ಮನಿಗೂ ಅತ್ತೆಗೂ ಪೋಲಿಷ್ ಭಾಷೆಯಲ್ಲಿ ಅದೊಂದೇ ಮಾತು. ಹೋಗಿ ಮಾತಾಡಿಸಬೇಕೆಂದುಕೊಂಡಳು, ಕಾಲು ಬರಲಿಲ್ಲ. ಬ್ಯಾಂಡು ಬಿಟ್ಟ ಮೇಲೆ ಚೋಚಾಳ ಮನೆಗೆ ಒಂದು ಸಲವೂ ಹೋಗಿರಲಿಲ್ಲ, ಬೀದಿಯಲ್ಲಿ ದೂರದಿಂದ ಕಂಡರೆ ದಾಟಿಬಿಡುತ್ತಿದ್ದಳು.

"ಬಂದ್ಯಾ" ಎಂದ ಕಾಜ್. ಬೆನ್ನು ತಿರುಗಿಸಿ ವೈರು ಸುತ್ತುತ್ತಿದ್ದ. ತಲೆಯ ಮಧ್ಯೆ ಕೂದಲು ಹೋಗಿತ್ತು. ಅವನೀಗ ಮಾವನ ಅಂಗಡಿಯಲ್ಲಿ ಕಾರುಗಳ ಸೈಲೆನ್ಸರ್ ಬದಲಾಯಿಸುತ್ತಿದ್ದ. ಉಗುರಿನ ಸುತ್ತ ಕಪ್ಪು.

"ಬಂದೆ."

"ಡ್ರಮ್ ಬಾಡಿಗೇದು. ಪೆಡಲ್ಲು ಕಿರಿಕಿರಿ ಮಾಡತ್ತೆ. ನೋಡ್ಕೊ."

"ಕಾಜ್, ಆ ಪಾಠದ ವಿಷಯ, ನಾನು ಯಾಕೆ..."

"ಆಮೇಲೆ" ಎಂದ. "ಬಾರಿಸಿ ಆಮೇಲೆ. ಮೊದಲು ಕೇಳ್ತೀನಿ."

ವರ್ಜಿಲ್ ಆರ್ಗನ್ನಿನ ಹಿಂದಿನಿಂದ ಕಣ್ಣು ಮಿಟುಕಿಸಿದ. ದಪ್ಪಗಾಗಿದ್ದ, ಬಸ್ಸಿನ ಕೋಟನ್ನೇ ಹಾಕಿಕೊಂಡು ಬಂದಿದ್ದ. "ಇಬ್ರೂ ಹೀಗೆ ಮುಖ ಊದಿಸ್ಕೊಂಡಿದ್ರೆ ನಾನು ಇವತ್ತೇ ಮೆಂಫಿಸ್ ಬಸ್ ಹತ್ತಿಬಿಡ್ತೀನಿ" ಎಂದ. ಯಾರೂ ನಗಲಿಲ್ಲ. ಅವನೊಬ್ಬನೇ ಸ್ವಲ್ಪ ನಕ್ಕು ಮುಗಿಸಿದ.

ಜನ ಅರ್ಧಕ್ಕರ್ಧ ತಟ್ಟೆಗಳ ಮೇಲೆ ಬಗ್ಗಿದ್ದರು. ಹಿಂದಿನಿಂದ ಯಾರೋ ಹಾಡಿನ ಹೆಸರು ಕೂಗಿದ. ಅವಳು ಕೂತಳು, ಕೋಲು ಹಿಡಿದಳು. ಎಣಿಸುವುದಿಲ್ಲ ಎಂದುಕೊಂಡಳು. ಈ ಎರಡು ದಿನ ಮನೆಯಲ್ಲಿ ದಿಂಬಿನ ಮೇಲೆ ಬಾರಿಸಿ ನೋಡಿದ್ದಳು; ಬಾಗಿಲನ್ನು ನೆನೆ, ಕೋಟನ್ನು ನೆನೆ, ಬೇರೇನೂ ಬೇಡ. ದಿಂಬಿನ ಮೇಲೆ ಎರಡು ಸಲ ಬಂದಿತ್ತು ಕೂಡ. ಕಾಜ್ ಗೋಡೆಗೆ ತಿರುಗಿ ನಿಂತ. ಗಿಟಾರು ಅರಚಿತು, ಅವಳ ಕೈಗಳು ಹೊರಟವು, ಹೊರಟ ಮೊದಲ ಸಾಲಿನಲ್ಲೇ ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಇಷ್ಟು ವರ್ಷ ಇದನ್ನು ಬಿಟ್ಟು ಹೇಗಿದ್ದೆ ಎಂದು ಅಳು ಬಂತು. ವರ್ಜಿಲ್ ಕಣ್ಣು ಮುಚ್ಚಿದ್ದ. ಮೊದಲ ಚರಣ ಹೋಯಿತು. ಜನ ತಟ್ಟೆ ಬಿಟ್ಟು ಎದ್ದರು. ಎರಡನೇ ಚರಣ ಬಂತು, ಹತ್ತಿರ ಹತ್ತಿರ ಬಂತು, ಅವಳು ಬಾಗಿಲನ್ನು ನೆನೆದಳು, ಬಾಗಿಲು ಬರಲಿಲ್ಲ. ಕೋಟು ಬರಲಿಲ್ಲ. ತಪ್ಪಿದರೆ ಇವನು ಎದ್ದು ಹೋಗುತ್ತಾನೆ, ಹೇಳಬೇಕಾದ್ದು ಹೇಳದೆ ಉಳಿಯುತ್ತದೆ ಎಂಬುದೊಂದೇ ಬಂತು. "ನಾನಲ್ಲ" ಎಂದ ಕಾಜ್, ವಯಸ್ಸಾದ ಗಂಟಲಿನಿಂದ, ಮೊದಲಿಗಿಂತ ನಿಜವಾಗಿ. ಆಗಲೇ ಅವಳೊಳಗೆ ಆ ಹಾಳು ಲೆಕ್ಕ ತಾನಾಗಿ ಎದ್ದು ನಿಂತಿತ್ತು. ನಾಲ್ಕು. ಎಡಗಡೆಯಿಂದ ತಣ್ಣನೆಯ ಗಾಳಿ ಬಂದು ಕೆನ್ನೆಗೆ ತಾಕಿತು. ತಾಕಿದ್ದು ಗೊತ್ತಾಯಿತು, ಅವಳು ತಿರುಗಲಿಲ್ಲ. ಐದು. ಜನ "ನೀನೇ" ಎಂದರು. ಹೊಡೆದಳು. ತುಟಿ ಕದಲಿರಲಿಲ್ಲ, ಅದನ್ನು ಆರು ವರ್ಷದ ಮಾತ್ರೆಗಳು ಕಲಿಸಿದ್ದವು.

ಕಾಜ್ ಗೋಡೆ ಬಿಟ್ಟು ತಿರುಗಿದ. ಹಾಡಿನ ನಡುವೆ ಅವನು ತಿರುಗಿದ್ದನ್ನು ಅವಳು ಕಂಡದ್ದು ಲೀಡ್ಸ್‌ನಲ್ಲಿ ಒಂದು ಸಲ, ಇವತ್ತು ಒಂದು ಸಲ. ಅವಳ ಮುಖವನ್ನೇ ನೋಡುತ್ತ ಕೊನೆಯ ಚರಣ ಹಾಡಿದ. ಕಣ್ಣು ಒದ್ದೆಯಾಗಿತ್ತು, ಆವತ್ತು ಗ್ಯಾರೇಜಿನಲ್ಲಿ ಆದ ಹಾಗೆ.

ಮುಗಿದ ಮೇಲೆ ಗಿಟಾರು ಕೆಳಗಿಟ್ಟು ಅವಳ ಬಳಿ ಬಂದು, ಎಲ್ಲಿ ಕೈಯಿಡಬೇಕೆಂದು ತಿಳಿಯದೆ ಡ್ರಮ್ಮಿನ ಮೇಲಿಟ್ಟ. "ಅದೇ" ಎಂದ. "ಆವತ್ತಿಂದೇ. ಅಳತೆ ಗಿಳತೆ ಏನಿಲ್ಲ. ನಂಗೆ ಗೊತ್ತಾಗತ್ತೆ, ರೆನಾ, ಇದು ಮಾತ್ರ ನಂಗೆ ಗೊತ್ತಾಗತ್ತೆ." ಮೂಗನ್ನು ತೋಳಿಗೆ ಒರೆಸಿಕೊಂಡ. "ಲೀಡ್ಸ್‌ನಲ್ಲಿ ನಾನು ಮಾಡಿದ್ದು ಬಹಳ ಕೆಟ್ಟದ್ದು. ಎಷ್ಟು ಸಲ ಫೋನ್ ಕೈಗೆ ತಗೊಂಡಿದೀನಿ. ನಿನ್ನೊಳಗಿದ್ದದ್ದನ್ನ ಆ ಪಾಠ ತಿಂದುಹಾಕ್ತು ಅಂದ್ಕೊಂಡಿದ್ದೆ. ಇಲ್ಲ, ಇದೆ. ಹಾಗೇ ಇದೆ." ಆಮೇಲೆ ನೆನಪಾಗಿ, "ಏನೋ ಹೇಳ್ಬೇಕು ಅಂದ್ಯಲ್ಲ, ಹೇಳು" ಎಂದ.

ಅವಳು ಅವನ ಮುಖ ನೋಡಿದಳು. ಏನೂ ಬರುವುದಿಲ್ಲ ಎಂದು ಎಂದೋ ಹೇಳಿದಾಗ ಅರಳಿದ ಮುಖ ಇದೇ. "ಏನಿಲ್ಲ" ಎಂದಳು. "ಮರೆತುಹೋಯ್ತು." ಅವನು ತಲೆಯಾಡಿಸಿ, ವರ್ಜಿಲ್‌ನ ಹೆಗಲ ಮೇಲೆ ಕೈ ಹಾಕಿ ಬಿಯರಿನ ಮೇಜಿನ ಕಡೆ ಹೋದ. ಆರು ವರ್ಷದಿಂದ ಅವಳು ಕಾದಿದ್ದು ಸಿಕ್ಕಿತ್ತು. ಸಂತೋಷಪಡಲು ನೋಡಿದಳು. ಸುಸ್ತಾಗಿತ್ತು, ಈಗಲೂ ವಿನಾಕಾರಣ ಎದುರು ಗೋಡೆಯ ಫೋಟೋಗಳನ್ನು ಎಣಿಸುತ್ತಿದ್ದಳು.

"ಏಳು, ಇದನ್ನ ತಿನ್ನು. ಬಿಸಿ ಇದೆ."

ಹಾಲಿನಾ ಅಡುಗೆಮನೆಯ ಬಾಗಿಲ ಬಳಿ ನಿಂತಿದ್ದಳು. ಮೊಣಕೈವರೆಗೆ ಹಿಟ್ಟು, ಕೈಯಲ್ಲಿ ತಟ್ಟೆ, ತಟ್ಟೆಯ ಮೇಲೆ ಒಂದೇ ಪೂಂಚ್ಕಿ. ಕುಗ್ಗಿದ್ದಳು. ಅವಳ ಹಿಂದೆ, ಅಡುಗೆಮನೆಯಾಚೆ ಹಿಂಬಾಗಿಲು ಇನ್ನೂ ತೆರೆದೇ ಇತ್ತು, ಹಿಮದ ಬೆಳಕು ನೆಲದ ಮೇಲೆ ಬಿದ್ದಿತ್ತು.

"ಚೋಚಾ, ನಾನು ಆಮೇಲೆ ಬರ್ಬೇಕು ಅಂತಲೇ..."

"ಇರ್ಲಿ ಬಿಡು. ಎಲ್ಲಾ ಕಾಣ್ತೀನಿ ನಾನು, ನೀನು ರಸ್ತೆ ದಾಟೋದೂ ಕಾಣ್ತೀನಿ." ಬೇಸರವಿರಲಿಲ್ಲ ಆ ಮಾತಿನಲ್ಲಿ. ಹತ್ತಿರ ಬಂದು ದನಿ ತಗ್ಗಿಸಿದಳು. "ನೆನ್ನೆ ಮನೇಲಿ ಹೇಳ್ತಿದ್ದ, ಅವಳು ಎಣಿಸಿದ್ರೆ ಎದ್ದು ಹೋಗ್ತೀನಿ ಅಂತ. ನಂಗೆ ನಿದ್ದೆ ಬರ್ಲಿಲ್ಲ. ಆವತ್ತು ನೀನು ತಪ್ಪಿದ್ದು ನನ್ನಿಂದ ತಾನೆ? ಆ ಕೋಟು ನೋಡಿ ನಿನ್ನ ಮುಖ ಬಿಳಿಚಿಕೊಂಡಿದ್ದು ನಾನು ಕಂಡಿದ್ದೆ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಅದಕ್ಕೇ ಇವತ್ತು ಹಿಂಬಾಗಿಲು ತೆಗೆದಿಟ್ಟು, ಇಲ್ಲಿ ಬಂದು ನಿಂತೆ. ಸರಿಯಾದ ಹೊತ್ತಿಗೆ ಈ ಬಾಗಿಲು ತೆಗೆದು ಕೈ ಬೀಸಿದೆ." ತಟ್ಟೆಯನ್ನು ಅವಳ ಕೈಗಿಟ್ಟಳು. "ನೀನು ತಿರುಗಿ ನೋಡ್ಲೇ ಇಲ್ಲ."

ರೆನಾಟಾ ತಟ್ಟೆಯನ್ನು ಹಿಡಿದುಕೊಂಡಳು. ಬಿಸಿ ಬೆರಳಿಗೆ ತಾಗುತ್ತಿತ್ತು.

"ಎಣಿಸ್ತಿದ್ದೆ ಚೋಚಾ" ಎಂದಳು.

ಹಾಲಿನಾ ಅವಳನ್ನು ನೋಡಿದಳು. ಆಮೇಲೆ ಬಿಯರಿನ ಮೇಜಿನ ಬಳಿ ವರ್ಜಿಲ್‌ನನ್ನು ತಬ್ಬಿಕೊಂಡು ನಗುತ್ತಿದ್ದ ಮಗನ ಕಡೆ ನೋಡಿದಳು. ಹಿಟ್ಟಿನ ಬೆರಳನ್ನು ತುಟಿಯ ಮೇಲಿಟ್ಟುಕೊಂಡಳು, ತಿನ್ನು ಎಂದು ಕೈಸನ್ನೆ ಮಾಡಿ, ಹಿಂಬಾಗಿಲು ಮುಚ್ಚಲು ಒಳಗೆ ಹೋದಳು.